ಕರೆಂಟ್ ಹೋಗಿ ಬಂದ್ರೆ ಏನ್ಮಾಡುತ್ತೆ?

ಅಕ್ವೇರಿಯಂ ಲೈಟಿಗೆ ಹೊಸದಾಗಿ ಕಂಟ್ರೋಲರ್ ಹಾಕಿಕೊಂಡವರ ಮನೆಗೆ ಹೋದರೆ ಕಾಫಿಗಿಂತ ಮುಂಚೆ ಒಂದು ಸೂರ್ಯೋದಯ ಸಿಗುತ್ತೆ. ಫೋನ್ ತೆಗೆದು ಆ್ಯಪಿನಲ್ಲಿ ‘ಡೆಮೊ’ ಒತ್ತಿದರೆ ಸಾಕು. ಕತ್ತಲಾಗಿದ್ದ ಟ್ಯಾಂಕ್ ಮೊದಲು ನೀಲಿಯಾಗುತ್ತೆ, ಅದಕ್ಕೆ ಸ್ವಲ್ಪ ಕೆಂಪು ಬೆರೆಯುತ್ತೆ, ಆಮೇಲೆ ಬಿಳಿ ಬೆಳಕು ತುಂಬಿ ನಡು ಮಧ್ಯಾಹ್ನ. ನೋಡನೋಡುತ್ತಿದ್ದ ಹಾಗೇ ಸಂಜೆಯಾಗಿ ಬೆಳದಿಂಗಳೂ ಬಂದುಬಿಡುತ್ತೆ. ಒಂದಿಡೀ ದಿನ, ಎರಡೇ ನಿಮಿಷ. ನೋಡಿದವರು ‘ಸೂಪರ್ ಗುರೂ’ ಅಂತಾರೆ. ಮೀನುಗಳು ಏನಂತವೋ ಗೊತ್ತಿಲ್ಲ.

ಈ ಡೆಮೊವನ್ನು ನಾನೂ ಬೇಕಾದಷ್ಟು ಜನಕ್ಕೆ ತೋರಿಸಿದ್ದೀನಿ. ಹಾಗಾಗಿ ಇದು ಹೊರಗೆ ನಿಂತವನ ಟೀಕೆ ಅಲ್ಲ. ಕಂಟ್ರೋಲರ್‌ಗಳ ವಿಮರ್ಶೆ ಓದಿ, ವಿಡಿಯೊ ನೋಡಿ, ದುಡ್ಡು ಕೊಟ್ಟು ತಂದು ಸೋತು, ಆಮೇಲೆ ನಾನೇ ಒಂದು ಮಾಡಿ ಅದರಲ್ಲೂ ಸೋತವನ ಟೀಕೆ. ನನ್ನ ತಕರಾರು ಇಷ್ಟೇ: ಈ ಪೆಟ್ಟಿಗೆಗಳನ್ನು ನಾವು ಅಳೆಯೋದು ಅವು ಚೆನ್ನಾಗಿ ಕೆಲಸ ಮಾಡುವ ಆ ಎರಡು ನಿಮಿಷದಿಂದ. ಅಳೆಯಬೇಕಾದ್ದು ಅವು ಕೈಕೊಟ್ಟ ಹೊತ್ತಿನಲ್ಲಿ ಏನು ಮಾಡ್ತವೆ ಅನ್ನೋದರಿಂದ. ಎಷ್ಟು ಚಾನೆಲ್, ಎಷ್ಟು ಬಣ್ಣ, ಆ್ಯಪ್ ಎಷ್ಟು ಚೆಂದ ಅಂತ ಪುಟಗಟ್ಟಲೆ ಬರೆಯುವವರು ಒಂದು ಪ್ರಶ್ನೆ ಮಾತ್ರ ಕೇಳಲ್ಲ. ನಾನೂ ಕೇಳಿರಲಿಲ್ಲ. ಕೇಳಿದ್ದು ನಮ್ಮಪ್ಪ. ಆ ಕತೆಗೆ ಬರ್ತೀನಿ. ಅದಕ್ಕೆ ಮುಂಚೆ ಈ ಯಂತ್ರ ಏನು, ಅದರಲ್ಲಿ ಯಾವುದು ಸರಿ ಅನ್ನೋದನ್ನ ಹೇಳಿಬಿಡ್ತೀನಿ.

ಹಳೆಯ ಕಾಲದ ಟ್ಯಾಂಕಿನ ಬೆಳಕು ಅಂದರೆ ಟ್ಯೂಬ್‌ಲೈಟ್, ದೊಡ್ಡ ಟ್ಯಾಂಕಾದರೆ ಮೆಟಲ್ ಹಾಲೈಡ್ ದೀಪ. ಹಾಕಿದರೆ ಪೂರ್ತಿ ಬೆಳಕು, ಆರಿಸಿದರೆ ಪೂರ್ತಿ ಕತ್ತಲು. ಗಾಜಿನ ತೊಟ್ಟಿಯೊಳಗೆ ಕಾಡು, ಬೆಟ್ಟ ಕಟ್ಟುವ ಕಲೆಯನ್ನು ಜಗತ್ತಿಗೆ ಹಂಚಿದ ಜಪಾನಿನ ಟಕಾಶಿ ಅಮಾನೊ (1954–2015) ಅವರ 1990ರ ದಶಕದ ಟ್ಯಾಂಕುಗಳು ಬೆಳೆದದ್ದೂ ಇಂಥ ದೀಪಗಳ ಕೆಳಗೇ. ಎಲ್‌ಇಡಿ ಬಂದ ಮೇಲೆ ಬೆಳಕನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ ಇಳಿಸುವುದು ಸುಲಭ ಆಯ್ತು. ಎಲ್‌ಇಡಿಗೆ ಕರೆಂಟ್ ಕೊಡುವ ಡಬ್ಬಿಗೆ ಡ್ರೈವರ್ ಅಂತಾರೆ. ಅದರಿಂದ ಎರಡು ಸಣ್ಣ ವೈರ್ ಹೊರಗೆ ಬಂದಿರುತ್ತವೆ. ಅವುಗಳ ನಡುವೆ 10 ವೋಲ್ಟ್ ಇದ್ದರೆ ಪೂರ್ತಿ ಬೆಳಕು, 5 ವೋಲ್ಟ್ ಇದ್ದರೆ ಅರ್ಧ. ಈ ವೋಲ್ಟೇಜನ್ನು ಗಡಿಯಾರ ನೋಡಿಕೊಂಡು ಏರಿಸಿ ಇಳಿಸುವ ಪುಟ್ಟ ಕಂಪ್ಯೂಟರೇ ಕಂಟ್ರೋಲರ್. ಅಷ್ಟೇ ವಿಷಯ. ಮಿಕ್ಕಿದ್ದೆಲ್ಲ ಮೇಲಿನ ಅಲಂಕಾರ.

ಬೆಳಕನ್ನು ನಿಧಾನ ಏರಿಸೋದಕ್ಕೆ ಕಾರಣ ಇದೆ, ಅದು ಬರೀ ಶೋಕಿ ಅಲ್ಲ. ಮೀನಿಗೆ ರೆಪ್ಪೆ ಇಲ್ಲ. ಬೆಳಕು ಜಾಸ್ತಿಯಾದರೆ ನಮ್ಮ ಕಣ್ಣಿನ ಪಾಪೆ ಚಿಕ್ಕದಾಗುತ್ತೆ. ಹೆಚ್ಚಿನ ಮೀನುಗಳಿಗೆ ಆ ಅನುಕೂಲವೂ ಇಲ್ಲ. ಅವುಗಳ ರೆಟಿನಾದೊಳಗಿನ ಕೋಶಗಳೇ ಹಿಂದೆ ಮುಂದೆ ಸರಿದು ಬೆಳಕಿಗೆ ಹೊಂದಿಕೊಳ್ಳಬೇಕು, ಅದಕ್ಕೆ ಹತ್ತಾರು ನಿಮಿಷ ಹಿಡಿಯುತ್ತೆ. ಕತ್ತಲಲ್ಲಿದ್ದ ಟ್ಯಾಂಕಿಗೆ ದಿಢೀರಂತ ಪೂರ್ತಿ ಬೆಳಕು ಹಾಕಿ ನೋಡಿ, ಮೀನುಗಳು ಗಾಜಿಗೆ ಹೋಗಿ ಬಡಿಯುತ್ತವೆ. ಹಾಗಾಗಿ ನಿಧಾನದ ಬೆಳಗು ಒಳ್ಳೆಯದೇ. ಪ್ರಶ್ನೆ ಇರೋದು ಕಂಟ್ರೋಲರ್ ಕೊಡುವ ಬೆಳಗು ನಿಜಕ್ಕೂ ನಿಧಾನವಾ ಅನ್ನೋದು.

ಹೆಚ್ಚಿನ ಆ್ಯಪ್‌ಗಳಲ್ಲಿ ಸೂರ್ಯೋದಯ ಅಂದರೆ ಸ್ಕೇಲ್ ಇಟ್ಟು ಎಳೆದ ಒಂದು ಓರೆ ಗೆರೆ. ಸೊನ್ನೆಯಿಂದ ನೂರಕ್ಕೆ, ಒಂದು ಗಂಟೆಯಲ್ಲಿ. ನಮ್ಮ ಕಣ್ಣು ಆ ಸ್ಕೇಲಿನ ಪ್ರಕಾರ ನೋಡಲ್ಲ. ಫೋಟೊಗ್ರಫಿ ಮಾಡುವವರಿಗೆ ಗೊತ್ತಿರುತ್ತೆ, ಶೇಕಡ 18ರಷ್ಟು ಬೆಳಕು ನಮ್ಮ ಕಣ್ಣಿಗೆ ಹೆಚ್ಚುಕಮ್ಮಿ ಅರ್ಧದಷ್ಟು ಕಾಣುತ್ತೆ. ಅಂದರೆ ಒಂದು ಗಂಟೆಯ ಸೂರ್ಯೋದಯದಲ್ಲಿ ಮೊದಲ ಹತ್ತು ಹನ್ನೊಂದು ನಿಮಿಷಕ್ಕೇ ಅರ್ಧ ಬೆಳಗಾಗಿರುತ್ತೆ. ಮಿಕ್ಕ ಐವತ್ತು ನಿಮಿಷ ಏನೋ ಆಗ್ತಿದೆ ಅಂತ ಆ್ಯಪ್ ಹೇಳುತ್ತೆ, ಕಣ್ಣು ಒಪ್ಪಲ್ಲ. ಅಗ್ಗದ ಕಂಟ್ರೋಲರ್‌ಗಳಲ್ಲಿ ಇನ್ನೊಂದು ಕಷ್ಟ: ಬೆಳಕಿಗೆ ಇರೋದು ಸೊನ್ನೆಯಿಂದ 255ರವರೆಗಿನ ಮೆಟ್ಟಿಲುಗಳು ಮಾತ್ರ. ಒಂದನೇ ಮೆಟ್ಟಿಲಿಂದ ಎರಡಕ್ಕೆ ಹೋದರೆ ಬೆಳಕು ಒಮ್ಮೆಗೇ ಇಮ್ಮಡಿ. ಗಂಟೆಯನ್ನು 255 ಭಾಗ ಮಾಡಿದರೆ ಸುಮಾರು 14 ಸೆಕೆಂಡಿಗೆ ಒಂದು ಮೆಟ್ಟಿಲು. ಮುಂಜಾವದ ಮೊದಲ ನಿಮಿಷಗಳಲ್ಲಿ 14 ಸೆಕೆಂಡಿಗೊಮ್ಮೆ ಯಾರೋ ಸ್ವಿಚ್ ಒತ್ತಿದ ಹಾಗೆ ಬೆಳಕು ಜಿಗಿಯುತ್ತೆ. 4,096 ಮೆಟ್ಟಿಲು ಕೊಡುವ ಚಿಪ್‌ಗಳು ಇವೆ, ದುಬಾರಿಯೂ ಅಲ್ಲ. ಆದರೆ ಡಬ್ಬಿಯ ಮೇಲೆ ಬರೆಯೋದು ‘1.6 ಕೋಟಿ ಬಣ್ಣ’ ಅಂತ. ಆ 1.6 ಕೋಟಿ ಬಂದಿದ್ದೇ ಮೂರು ಬಣ್ಣಕ್ಕೆ ತಲಾ 256 ಮೆಟ್ಟಿಲು ಗುಣಿಸಿ. ಬಡತನವನ್ನೇ ಗುಣಾಕಾರ ಮಾಡಿ ಶ್ರೀಮಂತಿಕೆ ಅಂತ ಮಾರ್ತಾರೆ.

ಇನ್ನು 1-10 ವೋಲ್ಟ್ ಡ್ರೈವರ್‌ಗಳು. ಇವುಗಳಲ್ಲಿ ಬಹಳಷ್ಟು ಶೇಕಡ 10ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆರಿಸಬೇಕು ಅಂದರೆ ಕರೆಂಟನ್ನೇ ಕಟ್ ಮಾಡಬೇಕು. ಶೇಕಡ 10 ಬೆಳಕು ಕಣ್ಣಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಾಣುತ್ತೆ. ಅಂಥ ಟ್ಯಾಂಕಿನಲ್ಲಿ ‘ಸೂರ್ಯೋದಯ’ ಶುರುವಾಗೋದೇ ದಢಾರಂತ. ಇದಕ್ಕೆ ಪರಿಹಾರ ತೀರಾ ಸರಳ. ಟ್ಯಾಂಕಿನ ಲೈಟ್ ಬರೋದಕ್ಕೆ ಅರ್ಧ ಗಂಟೆ ಮುಂಚೆ ಹಾಲ್‌ನ ಲೈಟ್ ಹಾಕಿ. ಮೀನಿಗೆ ಬೇಕಾಗಿದ್ದ ಬೆಳಗು ಅಷ್ಟೇ.

ಇದರ ಜೊತೆಗೆ ಅಳತೆ ತಪ್ಪಿರುವುದು ಹೊತ್ತಿನದ್ದು. ರೆಡಿಮೇಡ್ ಟೈಮ್‌ಟೇಬಲ್‌ಗಳಲ್ಲಿ ಎರಡು ಗಂಟೆ ಸೂರ್ಯೋದಯ, ಹತ್ತು ಹನ್ನೆರಡು ಗಂಟೆ ಹಗಲು ಇರುತ್ತೆ, ‘ಟ್ರಾಪಿಕಲ್’ ಅಂತ ಹೆಸರು ಬೇರೆ. ಟ್ರಾಪಿಕ್ಸ್‌ನಲ್ಲಿ ಹುಟ್ಟಿ ಬೆಳೆದ ನಮಗೆ ಗೊತ್ತಿಲ್ವಾ, ಇಲ್ಲಿ ಬೆಳಗಾಗೋದು ಎಷ್ಟು ಬೇಗ ಅಂತ? ಬೆಂಗಳೂರಿನ ಅಕ್ಷಾಂಶದಲ್ಲಿ ಮಬ್ಬು ಹರಿದು ಸೂರ್ಯ ಕಾಣಿಸಿಕೊಳ್ಳುವವರೆಗಿನ ನಸುಕು ಇಪ್ಪತ್ತು ಇಪ್ಪತ್ತೆರಡು ನಿಮಿಷದ ಆಟ. ಹಗಲಿನ ಉದ್ದವೇನೋ ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ, ಜೂನ್‌ನಲ್ಲಿ ಸುಮಾರು 12 ಗಂಟೆ 55 ನಿಮಿಷ. ಆದರೆ ಹಳ್ಳದ ನೀರಿಗೆ ಅಷ್ಟು ಹೊತ್ತೂ ನೇರ ಬಿಸಿಲು ಬೀಳಲ್ಲ. ಪಶ್ಚಿಮಘಟ್ಟದ ಹಳ್ಳಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ಗಿಡ ಎರಡು ದಡದ ಮರಗಳ ನೆರಳಲ್ಲಿ, ಎಲೆಯ ಸಂದಿಯಿಂದ ಇಳಿದ ಬೆಳಕಲ್ಲೇ ಬದುಕುತ್ತೆ. ಗಿಡ ನೆಟ್ಟ ಟ್ಯಾಂಕಿಗೆ ಮೊದಲ ವಾರಗಳಲ್ಲಿ ಆರು ಗಂಟೆ, ಆಮೇಲೆ ಎಂಟು ಗಂಟೆ ಬೆಳಕು ಧಾರಾಳ ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಬೆಳೆಯೋದು ಗಿಡ ಅಲ್ಲ, ಪಾಚಿ. ರಾತ್ರಿಯಿಡೀ ಉರಿಯುವ ‘ಮೂನ್‌ಲೈಟ್’ ಕೂಡ ಹೀಗೇ. ಮಂದ ಬೆಳಕು ಕೂಡ ರಾತ್ರಿ ಮೀನಿನ ಮೆಲಟೋನಿನ್ ತಗ್ಗಿಸುತ್ತೆ. ಆ ನೀಲಿ ಬೆಳಕು ಇರೋದು ನಮಗೋಸ್ಕರ.

ಇಷ್ಟೆಲ್ಲ ಬೈದ ಮೇಲೆ ಕಂಟ್ರೋಲರ್‌ನ ನಿಜವಾದ ಉಪಕಾರವನ್ನೂ ಹೇಳಬೇಕು. ಎಂಟು ಗಂಟೆಯ ಹಗಲನ್ನು ಅದು ನಮಗೆ ಬೇಕಾದ ಕಡೆ ಸರಿಸಿ ಕೊಡುತ್ತೆ. ನಾನು ಮನೆ ಸೇರೋದು ರಾತ್ರಿ ಏಳೂವರೆಗೆ. ಹಾಗಾಗಿ ನನ್ನ ಟ್ಯಾಂಕಿನಲ್ಲಿ ಬೆಳಗಾಗೋದು ಮಧ್ಯಾಹ್ನ ಒಂದಕ್ಕೆ, ಕತ್ತಲಾಗೋದು ರಾತ್ರಿ ಒಂಬತ್ತಕ್ಕೆ. ಮೀನಿಗೆ ಗಡಿಯಾರದ ಹಂಗಿಲ್ಲ. ದಿನಾ ಅದೇ ಹೊತ್ತಿಗೆ ಬೆಳಕು, ಅದೇ ಹೊತ್ತಿಗೆ ಕತ್ತಲು ಇದ್ದರೆ ಆಯ್ತು. ನನಗೂ ಊಟದ ಮುಂಚೆ ಒಂದು ಗಂಟೆ ಕೂತು ನೋಡೋಕೆ ಸಿಗುತ್ತೆ. ಇದರಲ್ಲಿ ಮೋಸ ಏನೂ ಇಲ್ಲ.

ಈಗ ಅಪ್ಪನ ಪ್ರಶ್ನೆ.

ಆ ವರ್ಷ ದೀಪಾವಳಿಗೆ ಐದು ದಿನ ಊರಿಗೆ ಹೋಗಿದ್ದೆ. ನಮ್ಮದು ಅರಸೀಕೆರೆ ಕಡೆ, ತೆಂಗಿನ ತೋಟ, ಬೋರ್‌ವೆಲ್. ಜಗಲಿ ಮೇಲೆ ಕೂತು ಫೋನ್ ತೆಗೆದು ಟ್ಯಾಂಕಿನ ಆ್ಯಪ್ ತೋರಿಸಿದೆ. ಮಧ್ಯಾಹ್ನ ಮೂರು ಗಂಟೆ, ಬೆಳಕು ಶೇಕಡ 60, ಹಸಿರು ಚುಕ್ಕಿ, ‘ಆನ್‌ಲೈನ್’.

“ಇಲ್ಲಿಂದ್ಲೇ ಎಲ್ಲಾ ನೋಡ್ಬಹುದು ಅಪ್ಪ.”

ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. “ಚೆನ್ನಾಗೈತೆ ಕಣಪ್ಪ. ಕರೆಂಟ್ ಹೋಗಿ ಬಂದ್ರೆ ಏನ್ಮಾಡುತ್ತೆ?”

“ಅದೆಲ್ಲ ಕ್ಲೌಡ್‌ನಲ್ಲಿ ಸೇವ್ ಆಗಿರುತ್ತೆ.”

“ಹ್ಞೂಂ. ವೈರ್ ಗಿಯರ್ ಕಿತ್ಕೊಂಡ್ರೆ?”

ನಾನು ನಕ್ಕೆ. ಅಪ್ಪ ನಗಲಿಲ್ಲ.

ಅವರು ಯಾಕೆ ಹಾಗೆ ಕೇಳಿದರು ಅನ್ನೋದು ಹಳ್ಳಿ ಕಡೆಯವರಿಗೆ ತಕ್ಷಣ ಗೊತ್ತಾಗುತ್ತೆ. ನಮ್ಮೂರಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಕೊಡೋದು ದಿನಕ್ಕೆ ಕೆಲವೇ ಗಂಟೆ, ಎಷ್ಟೋ ಸಲ ನಡುರಾತ್ರಿ. ಯಾರು ಎದ್ದು ಹೋಗಿ ಮೋಟ್ರು ಹಾಕ್ತಾರೆ ಅಂತ ಆಟೋ ಸ್ಟಾರ್ಟರ್ ಹಾಕಿರ್ತಾರೆ. ಕರೆಂಟ್ ಬಂದ ತಕ್ಷಣ ಮೋಟ್ರು ತಾನೇ ಓಡುತ್ತೆ. ಆದರೆ ಬರೀ ಆಟೋ ಸ್ಟಾರ್ಟರ್ ಹಾಕಿ ಮಲಗುವ ರೈತ ಇಲ್ಲ. ಮೂರು ಫೇಸಿನಲ್ಲಿ ಒಂದು ಬರದೇ ಇದ್ದರೆ ಕಾಯಿಲ್ ಸುಟ್ಟು ಹೋಗುತ್ತೆ, ಅದಕ್ಕೆ ಸಿಂಗಲ್ ಫೇಸ್ ಪ್ರಿವೆಂಟರ್. ಬೋರ್‌ನಲ್ಲಿ ನೀರಿಲ್ಲದೆ ಓಡಿದರೂ ಸುಡುತ್ತೆ, ಅದಕ್ಕೆ ಇನ್ನೊಂದು ರಿಲೇ. ಏನೇ ಯಡವಟ್ಟಾದರೂ ಮೋಟ್ರು ನಿಲ್ಲಬೇಕು. ನಿಂತರೆ ಒಂದು ದಿನ ನೀರಿಲ್ಲ, ಅಷ್ಟೇ. ಓಡಿದರೆ ಮೋಟ್ರು ಮೇಲೆತ್ತಿ ರಿವೈಂಡಿಂಗ್ ಮಾಡಿಸಬೇಕು, ಎಷ್ಟೋ ಸಾವಿರ. ತಾನಾಗೇ ನಡೆಯುವ ಯಂತ್ರದ ಮುಂದೆ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ಅವರಿಗೆ ಬಾಯಿಪಾಠ. ಬಿಇ ಮಾಡಿದ ನನಗೆ ಅದು ಹಳ್ಳಿ ಪ್ರಶ್ನೆ ಥರ ಕೇಳಿಸಿತ್ತು.

ಐದನೇ ದಿನ ರಾತ್ರಿ ಹನ್ನೊಂದಕ್ಕೆ ಬಂದು ಮನೆ ಬಾಗಿಲು ತೆಗೆದರೆ ಹಾಲ್ ಝಗಮಗ ಅಂತಿದೆ. ಟ್ಯಾಂಕಿನ ಲೈಟ್ ಶೇಕಡ ನೂರಕ್ಕೆ ಉರೀತಿದೆ. ಗಾಜಿನ ಮೇಲೆ ಹಸಿರು ಪುಡಿ, ನೀರು ಎಳೆ ಸೌತೆಕಾಯಿ ಬಣ್ಣ, ಗಿಡದ ಎಲೆಗಳಿಗೆ ಕೂದಲಿನ ಹಾಗೆ ಪಾಚಿ. ನಿಯಾನ್ ಟೆಟ್ರಾಗಳು ಮೂಲತಃ ಅಮೆಜಾನ್ ಕಾಡಿನ ನೆರಳು ನೀರಿನವು. ಎಲ್ಲವೂ ಮರದ ತುಂಡಿನ ಕೆಳಗೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಎರಡು ಸತ್ತಿದ್ದವು. ಬೆಳಕಿನಿಂದಲೇ ಸತ್ತವು ಅಂತ ನಾನು ಆಣೆ ಮಾಡಲ್ಲ. ಆದರೆ ಐದು ದಿನ, ಐದು ರಾತ್ರಿ ಅವಕ್ಕೆ ಕತ್ತಲೇ ಆಗಿರಲಿಲ್ಲ.

ಫೋನ್ ತೆಗೆದು ನೋಡಿದೆ. ಆ್ಯಪ್ ಹೇಳ್ತಿತ್ತು: ಬೆಳಕು ಶೇಕಡ 0. ಆನ್‌ಲೈನ್.

ಆಗಿದ್ದಿಷ್ಟು. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಮೀನಿನ ಆಹಾರದ ಡಬ್ಬಿ ತುಂಬುವಾಗ ನನ್ನ ಕೈ ತಾಗಿ ಕಂಟ್ರೋಲರ್‌ನಿಂದ ಡ್ರೈವರಿಗೆ ಹೋಗುವ ಕೇಬಲಿನ ಜ್ಯಾಕ್ ಸಡಿಲವಾಗಿತ್ತು. ಕಂಟ್ರೋಲರ್ ಪಾಪ ತನ್ನ ಪಾಡಿಗೆ ಹೊತ್ತುಹೊತ್ತಿಗೆ ಸರಿಯಾದ ವೋಲ್ಟೇಜ್ ಕೊಡ್ತಾ ಇತ್ತು. ಅದು ಡ್ರೈವರಿಗೆ ತಲುಪ್ತಾ ಇರಲಿಲ್ಲ. ಆ್ಯಪಿನಲ್ಲಿ ನಾನು ಐದು ದಿನ ನೋಡಿದ ಚೆಂದದ ಗ್ರಾಫ್ ಟ್ಯಾಂಕಿನಲ್ಲಿದ್ದ ಬೆಳಕಿನದಲ್ಲ, ಕಂಟ್ರೋಲರ್ ಕೊಟ್ಟ ಅಪ್ಪಣೆಯದು. ಅಪ್ಪಣೆ ಪಾಲನೆ ಆಯ್ತಾ ಇಲ್ವಾ ಅಂತ ನೋಡೋಕೆ ಅದಕ್ಕೆ ಕಣ್ಣೇ ಇಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಬೆಳಕಿನ ಸೆನ್ಸರ್ ಹಾಕಿದ್ದರೆ ಮೊದಲ ರಾತ್ರಿಯೇ ಗೊತ್ತಾಗ್ತಿತ್ತು. ನನ್ನ ಪಾಲಿನ ಸೋಮಾರಿತನವೂ ಇದೆ: ಸೊನ್ನೆ ವೋಲ್ಟಿಗೆ ಇಳಿದರೆ ಪೂರ್ತಿ ಆರುವ ಬಗೆಯ ಡ್ರೈವರ್ ಅದು, ಇನ್ನು ಬೇರೆ ಸ್ವಿಚ್ ಯಾಕೆ ಅಂತ ಬಿಟ್ಟಿದ್ದೆ.

ಸರಿ, ವೈರ್ ಕಿತ್ತುಕೊಂಡರೆ ಲೈಟ್ ಆರಬೇಕು ತಾನೇ? ಪೂರ್ತಿ ಉರಿಯೋದು ಯಾಕೆ?

ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗಲೇ ಈ ಇಡೀ ವ್ಯವಸ್ಥೆ ಯಾರಿಗಾಗಿ ಹುಟ್ಟಿದ್ದು ಅಂತ ನನಗೆ ಅರ್ಥ ಆಗಿದ್ದು. ‘0-10 ವೋಲ್ಟ್’ ಅನ್ನುವ ಒಂದೇ ಹೆಸರಿನಲ್ಲಿ ಎರಡು ಸಂಪ್ರದಾಯಗಳಿವೆ. ಒಂದು ನಾಟಕದ ವೇದಿಕೆಯದು. ಅಲ್ಲಿ ವೋಲ್ಟೇಜ್ ಕೊಡೋದು ಲೈಟಿಂಗ್ ಮಾಡುವವನ ಮುಂದಿರುವ ಕಂಟ್ರೋಲ್ ಬೋರ್ಡು. ವೈರ್ ಕಡಿದರೆ ವೋಲ್ಟೇಜ್ ಸೊನ್ನೆ, ದೀಪ ಆರುತ್ತೆ. ಇನ್ನೊಂದು ಕಟ್ಟಡಗಳದು: ಆಫೀಸು, ಆಸ್ಪತ್ರೆ, ಅಂಗಡಿ. ಅಲ್ಲಿ ವೋಲ್ಟೇಜ್ ಬರೋದು ದೀಪದ ಡ್ರೈವರಿನಿಂದಲೇ. ಗೋಡೆಯ ಮೇಲಿನ ಡಿಮ್ಮರ್ ಆ ವೋಲ್ಟೇಜನ್ನು ಕೆಳಗೆ ಎಳೆಯುತ್ತೆ, ಅಷ್ಟೇ. ವೈರ್ ಕಡಿದರೆ ಕೆಳಗೆ ಎಳೆಯುವವರು ಯಾರೂ ಇಲ್ಲ, ದೀಪ ಪೂರ್ತಿ ಉರಿಯುತ್ತೆ. ಇದು ತಪ್ಪಲ್ಲ, ಬೇಕಂತಲೇ ಹಾಗೆ. ಆಫೀಸಿನಲ್ಲಿ ಒಂದು ಸಣ್ಣ ವೈರ್ ಕಡಿದು ಹೋಯ್ತು ಅಂತ ಜನ ಮೆಟ್ಟಿಲ ಮೇಲೆ ಕತ್ತಲಲ್ಲಿ ಎಡವಬಾರದು. ಮನುಷ್ಯನಿಗೆ ಅಪಾಯದ ಹೊತ್ತಲ್ಲಿ ಬೇಕಾದ್ದು ಬೆಳಕು.

ಅಕ್ವೇರಿಯಂ ಲೈಟುಗಳಿಗೆ, ಅದರಲ್ಲೂ ನಾವೇ ಜೋಡಿಸಿಕೊಳ್ಳುವ ಲೈಟುಗಳಿಗೆ, ಬಳಸೋದು ಹೆಚ್ಚಾಗಿ ಈ ಕಟ್ಟಡಗಳ ಡ್ರೈವರ್‌ಗಳನ್ನೇ. ಜೊತೆಗೆ ಅವುಗಳ ಸ್ವಭಾವವೂ ಬಂತು. ಮೀನಿಗೆ, ಗಿಡಕ್ಕೆ ಲೆಕ್ಕ ಉಲ್ಟಾ. ಟ್ಯಾಂಕಿನಲ್ಲಿ ಪಾಚಿ ಹತೋಟಿ ತಪ್ಪಿದಾಗ ಅನುಭವಸ್ಥರು ಮಾಡುವ ಮೊದಲ ಔಷಧಿಯೇ ಮೂರು ದಿನ ಬಟ್ಟೆ ಮುಚ್ಚಿ ಪೂರ್ತಿ ಕತ್ತಲು ಮಾಡೋದು. ಗಿಡ ಸೊರಗಲ್ಲ, ಮೀನು ಸಾಯಲ್ಲ. ಮೂರು ದಿನದ ಕತ್ತಲು ಔಷಧಿ, ಮೂರು ದಿನದ ಬೆಳಕು ರೋಗ. ಅಂಥ ಕಡೆ, ಏನಾದರೂ ಕೆಟ್ಟರೆ ಪೂರ್ತಿ ಬೆಳಕು ಅನ್ನುವ ನಿಯಮ ತಂದು ಇಟ್ಟಿದ್ದೀವಿ. ಡಬ್ಬಿಯ ಮೇಲೆ ‘0-10 ವೋಲ್ಟ್ ಕಂಪ್ಯಾಟಿಬಲ್’ ಅಂತ ಇರುತ್ತೆ. ಯಾವ ಸಂಪ್ರದಾಯ ಅಂತ ಇರಲ್ಲ. ವಿಮರ್ಶೆ ಬರೆಯುವವರು ಒಂದು ಸಲ ವೈರ್ ಕಿತ್ತು ನೋಡಿದರೆ ಸಾಕು, ಗೊತ್ತಾಗುತ್ತೆ. ಯಾರೂ ಕೀಳಲ್ಲ.

ಇಲ್ಲಿಗೆ ಮುಗಿಸಿದ್ದರೆ ಇದು ‘ಅವರು ಮಾಡಿದ್ದು ಸರಿ ಇಲ್ಲ’ ಅನ್ನುವ ಲೇಖನ ಆಗ್ತಿತ್ತು. ನಾನು ಸಾಫ್ಟ್‌ವೇರ್‌ನವನು, ನಾನೇ ಒಂದು ಮಾಡ್ತೀನಿ ಅಂತ ಹೊರಟೆ. ವೈಫೈ ಇರುವ ಪುಟ್ಟ ಇಎಸ್‌ಪಿ8266 ಬೋರ್ಡ್, ಅದರ 3.3 ವೋಲ್ಟ್ ಸಿಗ್ನಲನ್ನು 10 ವೋಲ್ಟಿಗೆ ಏರಿಸಲು ಸಣ್ಣ ಆಪ್-ಆಂಪ್ ಸರ್ಕ್ಯೂಟ್, ಕಣ್ಣಿಗೆ ಹೊಂದುವ ಹಾಗೆ ಬಾಗಿಸಿದ ಬೆಳಕಿನ ಗೆರೆ. ಟೈಮ್‌ಟೇಬಲ್ ಕೂಡ ಬದಲಾಯಿಸಿದೆ: ಬೆಳಗ್ಗೆ 6ರಿಂದ 10, ಮಧ್ಯೆ ಬಿಡುವು, ಸಂಜೆ 5ರಿಂದ 9. ಈ ಬೋರ್ಡಿಗೆ ತನ್ನದೇ ಬ್ಯಾಟರಿ ಗಡಿಯಾರ ಇಲ್ಲ. ಶುರುವಾದಾಗ ಇಂಟರ್ನೆಟ್‌ನಿಂದ ಸಮಯ ಕೇಳಿಕೊಳ್ಳುತ್ತೆ. ಒಂದು ತಿಂಗಳು ಗಡಿಯಾರದ ಹಾಗೆ ನಡೀತು.

ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಯ್ತು. ಹನ್ನೊಂದಕ್ಕೆ ಬಂತು, ಇಂಟರ್ನೆಟ್ ಬರಲಿಲ್ಲ. ನಾವು ಮಲಗಿದ್ವಿ. ಸ್ವಲ್ಪ ಹೊತ್ತಿಗೆ ಹೆಂಡತಿ ನೀರು ಕುಡಿಯೋಕೆ ಎದ್ದವಳು ಬಂದು ಅಲ್ಲಾಡಿಸಿದಳು. “ರೀ, ಹಾಲ್‌ನಲ್ಲಿ ಬೆಳಗಾಗ್ತಿದೆ.”

ಗಡಿಯಾರ ನೋಡಿದರೆ ಹನ್ನೊಂದು ಮುಕ್ಕಾಲು.

ಸಾಫ್ಟ್‌ವೇರ್‌ನವರಿಗೆ ಇಷ್ಟು ಹೇಳಿದರೆ ನಗು ಬಂದಿರುತ್ತೆ. ಸಮಯ ಗೊತ್ತಿಲ್ಲದ ಕಂಪ್ಯೂಟರ್ ಲೆಕ್ಕ ಶುರು ಮಾಡೋದು 1970ರ ಜನವರಿ 1, ನಡುರಾತ್ರಿ 12 ಗಂಟೆಯಿಂದ. ಆದರೆ ಅದು ಗ್ರೀನಿಚ್‌ನ ನಡುರಾತ್ರಿ. ನಾನು ಶ್ರದ್ಧೆಯಿಂದ ಭಾರತದ ಐದೂವರೆ ಗಂಟೆ ಸೇರಿಸಿದ್ದೆ. ಹಾಗಾಗಿ ಕರೆಂಟ್ ಬಂದ ಕ್ಷಣ ನನ್ನ ಟ್ಯಾಂಕಿಗೆ ಬೆಳಗಿನ ಜಾವ 5:30. ಅರ್ಧ ಗಂಟೆ ಬಿಟ್ಟರೆ ಆರು ಗಂಟೆ, ಸೂರ್ಯೋದಯ. ನಮ್ಮ ದೇಶದಲ್ಲಿ ಕರೆಂಟ್ ಯಾವಾಗ ಬಂದರೂ, ಗಡಿಯಾರ ಇಲ್ಲದ ಯಂತ್ರಕ್ಕೆ ಅದು ಯಾವಾಗಲೂ ಬೆಳಗಿನ ಐದೂವರೆಯೇ! ತನಗೆ ಸಮಯ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಗೊತ್ತಿಲ್ಲದೇ ಇದ್ದರೂ ಗೊತ್ತಿದೆ ಅನ್ನುವ ಹಾಗೆ ಅದು ಕೆಲಸ ಮಾಡ್ತು. ಆಫೀಸಿನಲ್ಲಿ ಇಂಥ ಕೋಡ್ ರಿವ್ಯೂಗೆ ಬಂದಿದ್ದರೆ ನಾನೇ ಬೈದು ವಾಪಸ್ ಕಳಿಸ್ತಿದ್ದೆ.

ಹಾಗಾದರೆ ಇದನ್ನೆಲ್ಲ ಸರಿಯಾಗಿ ಯೋಚಿಸಿದವರು ಯಾರೂ ಇಲ್ವಾ? ಇದ್ದಾರೆ. ಹವಳದ ಟ್ಯಾಂಕ್ ಸಾಕುವವರು ಬಳಸುವ ನೆಪ್ಚೂನ್ ಏಪೆಕ್ಸ್ ಅನ್ನುವ ಕಂಟ್ರೋಲರ್‌ನಲ್ಲಿ ಪ್ರತಿ ಪ್ಲಗ್‌ಗೂ ಒಂದು ಸಣ್ಣ ಪ್ರೋಗ್ರಾಂ ಬರೆಯಬಹುದು. ಅದರಲ್ಲಿ ‘ಫಾಲ್‌ಬ್ಯಾಕ್’ ಅಂತ ಒಂದು ಸಾಲಿರುತ್ತೆ. ಮುಖ್ಯ ಪೆಟ್ಟಿಗೆಯ ಜೊತೆ ಸಂಪರ್ಕ ತಪ್ಪಿದರೆ ಆ ಪ್ಲಗ್ ಆನ್ ಆಗಬೇಕಾ, ಆಫ್ ಆಗಬೇಕಾ? ನೀರು ತಿರುಗಿಸುವ ಪಂಪಿಗೆ ‘ಆನ್’, ಹೀಟರಿಗೆ, ಲೈಟಿಗೆ ‘ಆಫ್’. ನನ್ನ ಮಟ್ಟಿಗೆ ಆ ಕಂಟ್ರೋಲರ್‌ನ ಅತ್ಯುತ್ತಮ ಸಾಲು ಅದೇ. ಅದು ಅಪ್ಪನ ಪ್ರಶ್ನೆ. ಪ್ಲಗ್ ಕೊಡುವ ಮುಂಚೆಯೇ ಯಂತ್ರ ನಮ್ಮನ್ನು ಆ ಪ್ರಶ್ನೆ ಕೇಳುತ್ತೆ. ಆದರೆ ಆ ಸಾಲಿನ ಅಧಿಕಾರ ಪ್ಲಗ್‌ನವರೆಗೆ ಮಾತ್ರ. ಸಡಿಲವಾದ ಡಿಮ್ಮಿಂಗ್ ವೈರಿನ ಮೇಲೆ ಅದರ ಮಾತು ನಡೆಯಲ್ಲ.

ಈಗ ನನ್ನ ಟ್ಯಾಂಕಿನ ವ್ಯವಸ್ಥೆ ಹೇಳ್ತೀನಿ, ಬೇಕಾದವರು ಮಾಡಿಕೊಳ್ಳಬಹುದು. ಯಾವುದೂ ದುಬಾರಿಯಲ್ಲ.

ಮೊದಲನೆಯದು, ಲೈಟಿನ ಕರೆಂಟ್ ಬರುವ ದಾರಿಯಲ್ಲೇ ಒಂದು ಮಾಮೂಲಿ ಪ್ಲಗ್ ಟೈಮರ್. ಮಧ್ಯಾಹ್ನ 12:45ಕ್ಕೆ ಕೊಡುತ್ತೆ, ರಾತ್ರಿ 9:15ಕ್ಕೆ ಕಿತ್ತುಕೊಳ್ಳುತ್ತೆ. ಆ ಹೊತ್ತಿನಾಚೆ ಕಂಟ್ರೋಲರ್‌ಗೆ ಎಂಥ ಹುಚ್ಚು ಹಿಡಿದರೂ ಬೆಳಕು ಬರಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರೇ ತಗೊಳ್ಳಿ. ಚಕ್ರ ತಿರುಗುವ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತೆ, ಒಂದು ವಾರದಲ್ಲಿ ಅದರ ರಾತ್ರಿಯೇ ಬೇರೆ, ನಮ್ಮ ರಾತ್ರಿಯೇ ಬೇರೆ ಆಗುತ್ತೆ.

ಎರಡನೆಯದು, ಡ್ರೈವರಿನ ಡಿಮ್ಮಿಂಗ್ ವೈರ್‌ಗಳ ನಡುವೆ ಒಂದು 10 ಕಿಲೊಓಮ್ ರೆಸಿಸ್ಟರ್. ನನ್ನ ಡ್ರೈವರ್ ಆ ವೈರ್‌ಗಳಿಗೆ 100 ಮೈಕ್ರೊಆಂಪ್ ಕಳಿಸುತ್ತೆ. ಆ ರೆಸಿಸ್ಟರ್ ಮೇಲೆ ಅದು 1 ವೋಲ್ಟ್ ಆಗುತ್ತೆ. ಕಂಟ್ರೋಲರ್‌ನ ಕೇಬಲ್ ಕಿತ್ತುಕೊಂಡರೆ ಬೆಳಕು ನೂರಕ್ಕೆ ಏರುವ ಬದಲು ಹತ್ತಕ್ಕೆ ಇಳಿಯುತ್ತೆ. ಎರಡು ಎಚ್ಚರಿಕೆ: ರೆಸಿಸ್ಟರನ್ನು ಡ್ರೈವರಿನ ಹತ್ತಿರವೇ ಬೆಸುಗೆ ಹಾಕಬೇಕು, ಕಂಟ್ರೋಲರ್ ಕಡೆ ಹಾಕಿದರೆ ಕೇಬಲ್ ಜೊತೆ ಅದೂ ಹೋಗುತ್ತೆ. ಮತ್ತೆ, ನಿಮ್ಮ ಕಂಟ್ರೋಲರ್ ತಾನೇ ವೋಲ್ಟೇಜ್ ಕೊಡುವ ಬಗೆಯದಾಗಿರಬೇಕು. ಬರೀ ಕೆಳಗೆ ಎಳೆಯುವ ಬಗೆಯದಾದರೆ ಬೆಳಕು ಹತ್ತರ ಮೇಲೆ ಏರುವುದೇ ಇಲ್ಲ. ಡ್ರೈವರಿನ ಡೇಟಾಶೀಟ್ ಓದದೆ ಕೈ ಹಾಕಬೇಡಿ. ಹಾಕುವಾಗ ಪ್ಲಗ್ ಕಿತ್ತಿರಲಿ, ಪಕ್ಕದಲ್ಲಿ ನೀರಿದೆ.

ಮೂರನೆಯದು, ಡಿಎಸ್3231 ಅನ್ನುವ ಗಡಿಯಾರದ ಚಿಪ್, ಅದಕ್ಕೊಂದು ಬಟನ್ ಸೆಲ್. ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ಆಚೀಚೆ ಆಗಬಹುದು. ಇಂಟರ್ನೆಟ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ಹೊತ್ತು ಗೊತ್ತಿರುತ್ತೆ. ಕೋಡಿಗೆ ಒಂದು ಸಾಲು ಸೇರಿಸಿದೆ: ವರ್ಷ 1970 ಅಂತ ಕಂಡರೆ ಸುಮ್ಮನಿರು, ಲೈಟ್ ಹಾಕಬೇಡ. ಟೈಮ್‌ಟೇಬಲ್ ಮತ್ತೆ ಮಧ್ಯಾಹ್ನ 1ರಿಂದ ರಾತ್ರಿ 9ಕ್ಕೇ ಬಂತು.

ನಾಲ್ಕನೆಯದು, ಟ್ಯಾಂಕಿನ ಮುಚ್ಚಳದ ಕೆಳಗೆ ಒಂದು ಬೆಳಕಿನ ಸೆನ್ಸರ್. ಈಗ ಫೋನಿನಲ್ಲಿ ಎರಡು ಗೆರೆ ಕಾಣುತ್ತೆ, ಹೇಳಿದ್ದೊಂದು, ಆಗಿದ್ದೊಂದು. ಎರಡೂ ಬೇರೆಯಾದರೆ ಮೆಸೇಜ್ ಬರುತ್ತೆ.

ಇವು ಯಾವುವೂ ಡೆಮೊದಲ್ಲಿ ಕಾಣಲ್ಲ. ಅದಕ್ಕೇ ಇವನ್ನು ಯಾರೂ ಮಾರಲ್ಲ, ನಾವೂ ಕೇಳಲ್ಲ. ನಾವು ಕೇಳಿದರೆ ಮಾರ್ತಾರೆ. ಅಂಗಡಿಯಲ್ಲಿ ಮುಂದಿನ ಸಲ ಯಾರಾದರೂ ಸೂರ್ಯೋದಯ ತೋರಿಸಿದಾಗ, ‘ಚೆನ್ನಾಗಿದೆ, ಈಗ ಆ ಕೇಬಲ್ ಕೀಳಿ ನೋಡೋಣ’ ಅನ್ನಿ. ಉತ್ತರ ಆ ಕ್ಷಣದಲ್ಲೇ ಸಿಗುತ್ತೆ.

ಮೊನ್ನೆ ಆಫೀಸಿನ ಹುಡುಗನೊಬ್ಬ ಟ್ಯಾಂಕ್ ನೋಡೋಕೆ ಅಂತ ಮನೆಗೆ ಬಂದಿದ್ದ. ಪಾಚಿ ಹೋಗಿ ಎಷ್ಟೋ ತಿಂಗಳಾಗಿದೆ, ಕ್ರಿಪ್ಟೊಕೊರೈನ್ ಗಾಜಿನ ಎತ್ತರಕ್ಕೆ ಬಂದಿದೆ, ಟೆಟ್ರಾಗಳು ಮುಂದುಗಡೆಯೇ ಓಡಾಡ್ತಿದ್ದವು. “ಸರ್, ಡೆಮೊ ತೋರಿಸಿ” ಅಂದ. ಟ್ಯಾಂಕಿನ ಪಕ್ಕ ಕೈ ಹಾಕಿ ಕಂಟ್ರೋಲರ್‌ನ ಕೇಬಲ್ ಕಿತ್ತೆ. ಬೆಳಕು ಮೆಲ್ಲಗೆ ಇಳಿದು ಮಂಕಾಗಿ ನಿಂತಿತು. ನನ್ನ ಫೋನ್ ಟಿಣ್ ಅಂತು.

“ಅಷ್ಟೇನಾ ಸರ್?” ಅಂದ.

“ಅಷ್ಟೇ” ಅಂದೆ. ಕೇಬಲ್ ವಾಪಸ್ ಹಾಕಿ ಕಾಫಿ ತರೋಕೆ ಒಳಗೆ ಹೋದೆ.